ಬ್ಯಾಡ್ರಿ ಅನ್ನದ ಮನೆ

ಅಂಕಗಣಿತ ಕಲಿಸುವವನಿಗೆ ರೊಕ್ಕದ ವ್ಯವಹಾರವೂ ಗೊತ್ತಿರುತ್ತದೆ ಎಂಬ ತಪ್ಪು ತಿಳಿವಳಿಕೆ ನಮ್ಮ ಹುಬ್ಬಳ್ಳಿಯಲ್ಲಿ ಹರಡಿದೆ. ಹರಡಿದವನು ನಾನೇ ಎಂದು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಹದಿನಾಲ್ಕು ವರ್ಷಗಳಿಂದ ಹೈಸ್ಕೂಲಿನ ಹುಡುಗರಿಗೆ ಲಾಭ-ನಷ್ಟದ ಲೆಕ್ಕ ಹೇಳಿಕೊಡುತ್ತಿದ್ದೇನೆ. ಲೆಕ್ಕದಲ್ಲಿ ಬರುವ ವ್ಯಾಪಾರಿ ನನ್ನ ಕೈಯಲ್ಲಿ ಒಮ್ಮೆಯೂ ದಿವಾಳಿ ಎದ್ದಿಲ್ಲ. ಆದರೆ ನಾನೇ ದುರ್ಗದಬೈಲಿಗೆ ಹೋಗಿ ಬದನೆಕಾಯಿ ತಂದರೆ, "ಎಷ್ಟಕ್ಕ ತಂದ್ರಿ?" ಎಂದು ಹೆಂಡತಿ ಗಂಗೂ ಕೇಳುತ್ತಾಳೆ, ನಾನು ಹೇಳುತ್ತೇನೆ, ಆಕೆ ಬದನೆಕಾಯಿಯನ್ನೂ ನನ್ನನ್ನೂ ಒಂದೇ ತರಹ ನೋಡುತ್ತಾಳೆ. ನಯಾಪೈಸೆ ಹೊಸದಾಗಿ ಬಂದಾಗ ಓಣಿಯ ಮಂದಿಯೆಲ್ಲ ನನ್ನ ಹತ್ತಿರವೇ ಬಂದರು. ಆಣೆಗೆ ಆರೂಕಾಲು ನಯಾಪೈಸೆ ಎನ್ನುತ್ತಾರಲ್ಲ, ಆ ಕಾಲು ಪೈಸೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನಾನು ಸೀಮೆಸುಣ್ಣ ಹಿಡಿದು ಕಟ್ಟೆಯ ಮೇಲೆ ಅರ್ಧ ತಾಸು ದಶಾಂಶ ಪದ್ಧತಿಯನ್ನು ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು. ಆಮೇಲೆ ಮೂಲೆಯ ಕಿರಾಣಿ ಅಂಗಡಿಯವನು ಒಂದೇ ಮಾತಿನಲ್ಲಿ ಹೇಳಿಬಿಟ್ಟ: "ನೀವು ಕೊಡೂದಿದ್ರ ಏಳು, ನಾ ಕೊಡೂದಿದ್ರ ಆರು." ಮಂದಿಗೆ ತಿಳಿದದ್ದು ಅದೇ.

ಇಂಥ ನಾನು ನನ್ನ ಮಕ್ಕಳಿಗೆ ಹಣದ ಶಿಕ್ಷಣ ಕೊಡಲು ಹೊರಟೆ. ತಪ್ಪು ಪೂರ್ತಿ ನನ್ನದಲ್ಲ. ಸಾಲೆಯ ವಾಚನಾಲಯದಲ್ಲಿ, ಮುಖಪುಟ ಹರಿದುಹೋದ ಒಂದು ಮಾಸಪತ್ರಿಕೆಯಲ್ಲಿ, ಮಕ್ಕಳಿಗೆ ಹಣದ ಬೆಲೆಯನ್ನು ಮನೆಯಲ್ಲಿಯೇ ಕಲಿಸಬೇಕು ಎಂದು ಯಾರೋ ಬರೆದಿದ್ದರು. ಬರೆದವರ ಹೆಸರೂ ಹರಿದುಹೋಗಿತ್ತು. ಹೀಗಾಗಿ ಮುಂದೆ ನಡೆದದ್ದಕ್ಕೆ ಯಾರ ಮೇಲೂ ಸಿಟ್ಟು ಮಾಡುವ ಹಾಗಿಲ್ಲದೆ ಉಳಿದೆ. ನಮ್ಮಪ್ಪನ ಕಾಲದಲ್ಲಿ ಈ ಶಿಕ್ಷಣ ಬಹಳ ಚಿಕ್ಕದಾಗಿತ್ತು. "ಅಪ್ಪಾ, ಒಂದು ದುಡ್ಡು ಕೊಡು" ಎಂದರೆ "ಯಾಕ?" ಎನ್ನುತ್ತಿದ್ದ. ಯಾಕೆಂದು ಹೇಳಿದರೆ "ಬ್ಯಾಡ" ಎನ್ನುತ್ತಿದ್ದ. ಪಾಠ ಮುಗಿಯಿತು. ನಾನು ಕಲಿತ ಮನುಷ್ಯ. ಅಷ್ಟು ಸುಲಭಕ್ಕೆ ಬಿಡುತ್ತೇನೆಯೆ?

ನನಗಿರುವುದು ಎರಡು ಮಕ್ಕಳು. ಶಕ್ಕೂಗೆ ಆಗ ಒಂಬತ್ತು ವರ್ಷ, ರವಿಗೆ ಆರು. ಅವರ ಕೈಗೆ ರೊಕ್ಕ ಬರುವ ದಾರಿ ಒಂದೇ: ಮನೆಗೆ ಬಂದ ಅತಿಥಿಗಳು ಹೊರಡುವ ಹೊತ್ತು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಬಂದವರು ಚಹಾ ಕುಡಿದು, ಅವಲಕ್ಕಿ ತಿಂದು, ಎದ್ದು, ಮತ್ತೆ ಕೂತು, ಮತ್ತೆ ಎದ್ದು, ಹೊಸ್ತಿಲ ತನಕ ಬಂದು ಅಲ್ಲಿ ಇನ್ನೊಂದು ಕಾಲು ತಾಸು ನಿಂತು ಮಾತಾಡಿ, ಕೊನೆಗೆ "ಬಾರವಾ ಇಲ್ಲೆ" ಎಂದು ಮನೆಯ ಹುಡುಗರನ್ನು ಕರೆದು ಕಿಸೆಯಲ್ಲಿ ಕೈ ಹಾಕುತ್ತಾರೆ. ಆ ಕೈ ಒಳಗೆ ಹೋಯಿತೋ ಇಲ್ಲವೋ, ಮನೆಯಾಕೆ "ಅಯ್ಯ ಬ್ಯಾಡ್ರಿ, ಬ್ಯಾಡ್ರಿ, ಯಾಕ ಸುಮ್ನ ರೂಢಿ ಮಾಡತೀರಿ!" ಎಂದು ಒದರಬೇಕು. "ನಿಮಗೇನ್ ಕೊಡಾಕತ್ತಿಲ್ಲ ತಗೋರಿ, ಹುಡುಗರಿಗೆ ಕೊಡಾಕತ್ತೇನಿ" ಎಂದು ಅವರು ಅನ್ನಬೇಕು. ಹುಡುಗರು ತಾಯಿಯ ಮುಖ ನೋಡಬೇಕು. ತಾಯಿ ಬಾಯಿಂದ ಬ್ಯಾಡ ಎನ್ನುತ್ತ ಕಣ್ಣಿಂದ ತಗೋ ಎನ್ನಬೇಕು. ನಾನೂ ಮಂದಿಯ ಮನೆಗೆ ಹೋದಾಗ ಈ ಪದ್ಧತಿಗೆ ಎಂದೂ ತಪ್ಪಿದವನಲ್ಲ. ಕಿಸೆಯಲ್ಲಿ ಕೈ ಹಾಕದೆ ನಾನು ಯಾರ ಹೊಸ್ತಿಲನ್ನೂ ದಾಟಿಲ್ಲ.

ಹೀಗೆ ಬಂದ ನಾಲ್ಕಾಣೆ ಮಕ್ಕಳ ಕೈಯಲ್ಲಿ ಇರುತ್ತಿದ್ದದ್ದು ಅತಿಥಿ ಓಣಿಯ ತಿರುವು ದಾಟುವ ತನಕ. ಆಮೇಲೆ ಗಂಗೂ "ತಾ ಇಲ್ಲೆ, ಕಳಕೊಂಡೀ" ಎಂದು ಇಸಿದುಕೊಂಡು ಸಾಸಿವೆ ಡಬ್ಬಿಗೆ ಹಾಕುತ್ತಿದ್ದಳು. ಮುಂದೆ ಆ ಅತಿಥಿಗಳ ಮನೆಗೆ ನಾವು ಹೋದಾಗ ಅದೇ ನಾಲ್ಕಾಣೆಯನ್ನು ಅವರ ಮಕ್ಕಳ ಕೈಯಲ್ಲಿ ಇಡುತ್ತಿದ್ದಳು. ಒಳಗೆ ಅವರ ತಾಯಿಯದೂ ಒಂದು ಸಾಸಿವೆ ಡಬ್ಬಿ ಇರುತ್ತಿತ್ತು. ರಾಜನ ಮೂಗಿನ ಮೇಲೆ ಗೀರು ಬಿದ್ದ ಒಂದು ನಾಲ್ಕಾಣೆ ನಮ್ಮ ಮನೆಗೂ ಗದಗಿನಲ್ಲಿರುವ ಗಂಗೂನ ಅಕ್ಕನ ಮನೆಗೂ ನಾಲ್ಕು ವರ್ಷ ಓಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟು ಸಲ ಗದಗಿಗೆ ನಾನೂ ಹೋಗಿಲ್ಲ.

ಇದನ್ನು ನಾನು ನಿಲ್ಲಿಸಿದೆ. ಕುಂಬಾರ ಓಣಿಯಿಂದ ಬಾಯಿ ಮುಚ್ಚಿದ, ಮೇಲೆ ಒಂದು ಸೀಳು ಮಾತ್ರ ಇರುವ ಮಣ್ಣಿನ ಕುಡಿಕೆ ತಂದು, ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು ಎರಡು ನಿಯಮ ಹೇಳಿದೆ. ನಿಮ್ಮ ಕೈಗೆ ಬಂದ ರೊಕ್ಕ ನಿಮ್ಮದು, ಕುಡಿಕೆಗೆ ಹಾಕಬೇಕು. ಇದು ಮೊದಲನೆಯದು. ಎರಡನೆಯದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ಏರಿತು: ರೊಕ್ಕದ ವಿಷಯದಲ್ಲಿ ಸುಳ್ಳು ಹೇಳಬಾರದು; ಬೇಕಾದದ್ದನ್ನು ಬೇಡ ಎನ್ನುವುದು ಸುಳ್ಳು; ಆದ್ದರಿಂದ ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಯಾರಿಗೂ ಬ್ಯಾಡ್ರಿ ಎನ್ನತಕ್ಕದ್ದಲ್ಲ.

ಗಂಗೂ ಒಳಗಿನಿಂದ ಲಟ್ಟಣಿಗೆ ಹಿಡಿದುಕೊಂಡೇ ಬಂದಳು. "ಬ್ಯಾಡ ಅನ್ನೂದು ಸುಳ್ಳಲ್ಲರಿ. ಅದು ಮರ್ಯಾದಿ."

"ಮರ್ಯಾದಿಗೆ ಬೆಲಿ ಎಷ್ಟು?" ಎಂದೆ, ತರಗತಿಯಲ್ಲಿ ಕೇಳುವ ಠೀವಿಯಿಂದ.

"ನಾಲ್ಕಾಣೆ" ಎಂದಳು ಶಕ್ಕೂ.

ಹುಡುಗಿಗೆ ಪಾಠ ಹತ್ತುತ್ತಿದೆ ಎಂದು ನನಗೆ ಬಹಳ ಹಿಗ್ಗಾಯಿತು.

ಮೊದಲ ಒಂದೆರಡು ತಿಂಗಳು ನಮ್ಮ ಮಕ್ಕಳ ಸಂಸ್ಕಾರವನ್ನು ಊರೇ ಹೊಗಳಿತು. ಅತಿಥಿಗಳು ಓಣಿಯ ತುದಿಯಲ್ಲಿ ಕಂಡರೆ ಸಾಕು, ರವಿ ಕಟ್ಟೆಯಿಂದ ಜಿಗಿದು ಓಡಿಹೋಗಿ ಕೈಚೀಲ ಇಸಿದುಕೊಳ್ಳುತ್ತಿದ್ದ. ಶಕ್ಕೂ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಬೀಸಣಿಗೆ ಹಿಡಿಯುತ್ತಿದ್ದಳು. "ಇಂಥಾ ಮಕ್ಕಳು ಪುಣ್ಯ ಮಾಡಿದವರಿಗೆ ಹುಟ್ಟತಾವ್ರಿ ಮಾಸ್ತರ" ಎಂದು ಬಂದವರು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು. ಹೊರಡುವ ಹೊತ್ತಿಗೆ ಮಾತ್ರ ಮಕ್ಕಳಿಬ್ಬರೂ ಹೊಸ್ತಿಲ ಎರಡು ಬದಿಗೆ ಬಂದು ನಿಲ್ಲುತ್ತಿದ್ದರು. ಕುಡಿಕೆ ರವಿಯ ಕಂಕುಳಲ್ಲಿ ಇರುತ್ತಿತ್ತು.

ಬರಬರುತ್ತ ಅತಿಥಿಗಳ ಹೆಸರುಗಳು ಬದಲಾದವು. ನನ್ನ ಸೋದರತ್ತೆ ಎಂಟಾಣೆ ಅಜ್ಜಿಯಾದಳು. ಗದಗಿನವರು ನಾಲ್ಕಾಣೆ ದೊಡ್ಡವ್ವ. ಗಬ್ಬೂರಿನಿಂದ ನನ್ನ ಬಾಲ್ಯದ ಗೆಳೆಯನೊಬ್ಬ ಬರುತ್ತಿದ್ದ, ಬಹಳ ಪ್ರೀತಿಯ ಮನುಷ್ಯ, ಹೊರಡುವಾಗ ಮಕ್ಕಳ ಗಲ್ಲ ಹಿಂಡಿ "ಶಾಣ್ಯಾ ಆಗ್ರಿ" ಎನ್ನುತ್ತಿದ್ದ. ಅವನು ಬರೇ ಗಲ್ಲದ ಕಾಕಾ ಎನಿಸಿದ. ಒಂದು ದಿನ ಅವನು ಗಲ್ಲ ಹಿಂಡಿ ಹೋದ ಮೇಲೆ ರವಿ ಗಂಭೀರವಾಗಿ, "ಅಪ್ಪಾ, ಒಂದು ಗಲ್ಲಕ್ಕ ಎಷ್ಟು ನಯಾಪೈಸೆ?" ಎಂದು ಕೇಳಿದ. ದಶಾಂಶ ಪದ್ಧತಿಯಲ್ಲಿ ಅದಕ್ಕೆ ಉತ್ತರವಿಲ್ಲ. ಸಾಲೆಯಲ್ಲಿಯೂ ಇದೇ ಮಾತುಕತೆ ನಡೆಯುತ್ತಿತ್ತಂತೆ. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರ ಮಗಳೂ ಶಕ್ಕೂನೂ ಒಂದೇ ಬೆಂಚಿನವರು. ಯಾರ ಮನೆಗೆ ಯಾರು ಬಂದರು, ಹೋಗುವಾಗ ಏನು ಮಾಡಿದರು ಎಂಬ ಸುದ್ದಿಯನ್ನು ಇಬ್ಬರೂ ಊಟದ ಬಿಡುವಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಆಗ ನಾನು ಅದಕ್ಕೆ ಕಿವಿಗೊಡಲಿಲ್ಲ. ಕೊಡಬೇಕಾಗಿತ್ತು.

ಎಲ್ಲಕ್ಕಿಂತ ಕಷ್ಟಕ್ಕೆ ಸಿಕ್ಕವರು ನಮ್ಮ ಮನೆಯ ಮಾಲಕರು. ಅವರು ಬಾಡಿಗೆ ಇಸಿದುಕೊಳ್ಳಲು ಬರುವವರು. ಆದರೆ ಬಂದವರು ಚಹಾ ಕುಡಿದಮೇಲೆ ಅತಿಥಿಗಳೇ ಎಂದು ಮಕ್ಕಳು ತೀರ್ಮಾನಿಸಿದರು. ಬಾಡಿಗೆ ಎಣಿಸಿಕೊಂಡು ಹೊರಟ ಅವರಿಗೆ ಹೊಸ್ತಿಲಲ್ಲಿ ಎರಡು ಜೊತೆ ಕಣ್ಣು ಮತ್ತು ಒಂದು ಕುಡಿಕೆ ಎದುರಾದವು. ಪಾಪ, ಅವರು ಅಭ್ಯಾಸದಂತೆ ಕೈ ಕಿಸೆಗೆ ಒಯ್ದು ಗಂಗೂನ ಕಡೆ ನೋಡಿದರು. ಗಂಗೂ ನನ್ನ ಕಡೆ ನೋಡಿ ಸುಮ್ಮನಾದಳು. ನಾಲ್ಕಾಣೆ ಕುಡಿಕೆಯೊಳಗೆ ಬಿತ್ತು. ಮುಂದಿನ ತಿಂಗಳು ಅವರು ಎದುರಿನ ಕಟ್ಟೆಯ ಮೇಲೆ ನಿಂತುಕೊಂಡೇ "ಮಾಸ್ತರ, ಬಾಡಿಗಿ!" ಎಂದು ಕೂಗಿದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅವರೊಬ್ಬರೇ ಅಲ್ಲ, ಬರುವವರೆಲ್ಲ ನಿಧಾನಕ್ಕೆ ಕಡಿಮೆಯಾದರು. ಚಹಾಪುಡಿ ತಿಂಗಳ ಕೊನೆಗೆ ಉಳಿಯತೊಡಗಿತು. ಇದೂ ಹಣದ ಶಿಕ್ಷಣದ ಒಂದು ಫಲ ಎಂದು ನಾನು ಗಂಗೂಗೆ ಹೇಳಿದೆ. "ಫಲ ಹಣ್ಣಾಗ್ಲಿ, ಆಮ್ಯಾಲೆ ತಿನ್ನೂಣು" ಎಂದಳು.

ಹಣ್ಣಾದದ್ದು ನನ್ನ ತಂಗಿ ಕಮಲಾಳನ್ನು ನೋಡಲು ಬಂದ ದಿನ.

ಕಮಲಾಳ ವಿಷಯ ಹೇಳಬೇಕು. ಅಪ್ಪ ತೀರಿಕೊಂಡಾಗ ಅವಳು ಹನ್ನೊಂದು ವರ್ಷದವಳು. ನಾನೇ ಬೆಳೆಸಿದೆ, ಓದಿಸಿದೆ. ಟ್ರೇನಿಂಗ್ ಮುಗಿಸಿ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರಾಗಿದ್ದಳು. ಬಣ್ಣದಲ್ಲಿ, ಗುಣದಲ್ಲಿ, ಕೆಲಸದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಕೊರತೆ ಒಂದೇ: ನಗು ಬಂದರೆ ತಡೆದುಕೊಳ್ಳಲು ಬರುವುದಿಲ್ಲ. ನಗು ಎಂದರೆ ಬಾಯಿಗೆ ಸೆರಗು ಮುಚ್ಚಿಕೊಂಡು ನಗುವ ನಗುವಲ್ಲ, ಮೂರನೆಯ ಮನೆಯವರು "ಏನಾತ್ರಿ?" ಎಂದು ಕೇಳುತ್ತ ಬರುವಂಥದ್ದು. ಮೊದಲ ಸಲ ನೋಡಲು ಬಂದವರಲ್ಲಿ ಹುಡುಗನ ಸೋದರಮಾವ "ಹಾಡು ಬರತೈತೇನವಾ?" ಎಂದು ಕೇಳಿದರು. ಬರುವುದಿಲ್ಲ ಎಂದಳು. "ಹಂಗಾರ ನಾನs ಹಾಡತೇನಿ" ಎಂದು ಅವರು ಶುರು ಮಾಡಿಬಿಟ್ಟರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಎರಡನೆಯ ಹುಡುಗ ಸಾಲಾಗಿ ಏಳು ಸಲ ಸೀನಿದ. ಕಮಲಾ ಆರರ ತನಕ ತಡೆದಳು. ಮೂರನೆಯ ಸಲ ಏನೂ ಆಗಲೇ ಇಲ್ಲ. ಎಲ್ಲರೂ ಅಷ್ಟು ಗಂಭೀರವಾಗಿ ಕೂತಿದ್ದನ್ನು ನೋಡಿಯೇ ನಕ್ಕಳು. "ಹುಡುಗಿಗೆ ಸಲಿಗಿ ಭಾಳ" ಎಂಬ ಹೆಸರು ಧಾರವಾಡದ ತನಕ ಹೋಯಿತು. ಅವಳಿಗೆ ಇಪ್ಪತ್ಮೂರು ದಾಟಿತು. ಮೇಲಿಂದ ಮೇಲೆ ನಗುತ್ತಿದ್ದ ಹುಡುಗಿ ಒಂದು ದಿನ ಹಿತ್ತಲ ಬಾಗಿಲಲ್ಲಿ ಕೂತು "ಅಣ್ಣಾ, ನನ್ನಿಂದ ನಿನಗ ತ್ರಾಸ ಆಗಾಕತ್ತೈತಿ ಹೌದಿಲ್ಲ?" ಎಂದು ಕೇಳಿದಳು. ಹಾಗೇನಿಲ್ಲ ಎಂದು ಹೇಳಿ ಸುಮ್ಮನೆ ಛತ್ರಿ ತೆಗೆದುಕೊಂಡು ಹೊರಗೆ ಹೋದೆ. ಮಳೆ ಇರಲಿಲ್ಲ.

ನಾಲ್ಕನೆಯ ಸಂಬಂಧ ಉಪ್ಪಿನ ಬೆಟಗೇರಿಯದು. ಹುಡುಗ ಧಾರವಾಡದ ಒಂದು ಕಚೇರಿಯಲ್ಲಿ ಗುಮಾಸ್ತ. ತಂದೆ ಚನ್ನಪ್ಪನವರು ಹೊಲ-ಮನೆ ಇಟ್ಟುಕೊಂಡು ಊರಲ್ಲಿ ಮರ್ಯಾದೆಯಿಂದ ಇದ್ದವರು. ಫೋಟೋ ಬಂದಾಗ ಕಮಲಾ ನೋಡಿ ಹಿಂದಕ್ಕೆ ಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ "ವೈನಿ, ಆ ಫೋಟೋದ ಹಿಂದ ಅಂಗಡಿ ಹೆಸರು ಏನ್ ಐತಿ ನೋಡೂಣು" ಎಂದು ಗಂಗೂನಿಂದ ಇಸಿದುಕೊಂಡಳು. ಮರುದಿನ ಅಂಗಡಿಯ ವಿಳಾಸ ನೋಡಬೇಕೆಂದು ಮತ್ತೊಮ್ಮೆ ಇಸಿದುಕೊಂಡಳು. ಫೋಟೋದ ಹಿಂದೆ ಏನೂ ಬರೆದಿರಲಿಲ್ಲ. ಗಂಗೂ ನನ್ನ ಬಳಿ ಬಂದು ಮೆಲ್ಲಗೆ, "ಈ ಸಲ ಕೆಡಬಾರದ್ರಿ. ಹುಡುಗಿ ಮನಸಿನ್ಯಾಗ ಐತಿ" ಎಂದಳು. ಕಮಲಾಳೂ ತಾನಾಗಿಯೇ "ಈ ಸಲ ಏನಾದ್ರೂ ನಗಂಗಿಲ್ಲ. ನಾಲಿಗಿ ಕಚ್ಚಿ ಹಿಡೀತೇನಿ" ಎಂದು ಆಣೆ ಇಟ್ಟಳು.

ಅವರು ಬರುವ ದಿನ ಮುಂಜಾನೆ ಗಂಗೂ ಕೈ ಜೋಡಿಸಿದಳು. "ಇವತ್ತೊಂದಿನ ನಿಮ್ಮ ಕಾಯಿದೆಕ್ಕ ಸೂಟಿ ಕೊಡ್ರಿ. ಹೋಗೂ ಮುಂದ ನಾ ಬ್ಯಾಡ್ರಿ ಅಂತೇನಿ. ಅದರಾಗ ಏನ್ ಹೋಗತೈತಿ?"

ಇಲ್ಲಿಯೇ ನಾನು ತಲೆ ಅಲ್ಲಾಡಿಸಿ ಹೂಂ ಎಂದಿದ್ದರೆ ಈ ಪ್ರಬಂಧಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಮಕ್ಕಳಿಬ್ಬರೂ ಎದುರಿಗೇ ನಿಂತಿದ್ದರು. ತತ್ತ್ವಕ್ಕೆ ಸೂಟಿ ಇರುವುದಿಲ್ಲ ಎಂದುಬಿಟ್ಟೆ. ಗಂಗೂ ಕೈ ಬಿಟ್ಟಳು. "ಆತು. ಇವತ್ತ ನಾ ಬಾಯಿ ಬಿಚ್ಚಂಗಿಲ್ಲ. ಆಮ್ಯಾಲೆ ನನಗ ಅನಬ್ಯಾಡ್ರಿ." ಆದರೂ ನನ್ನ ಎದೆಯಲ್ಲಿ ಅಳುಕು ಇತ್ತು ನೋಡಿ. ಮಧ್ಯಾಹ್ನ ಮಕ್ಕಳನ್ನು ಡ್ರಾಯಿಂಗ್ ಮಾಸ್ತರರ ಮನೆಗೆ ಆಡಲು ಕಳಿಸಿದೆ. ಟಾಂಗಾದ ಗಂಟೆ ಓಣಿಯಲ್ಲಿ ಕೇಳಿಸುವುದಕ್ಕೂ ಇಬ್ಬರೂ ಏದುಸಿರು ಬಿಡುತ್ತ ಮನೆಯೊಳಗೆ ನುಗ್ಗುವುದಕ್ಕೂ ಸರಿಹೋಯಿತು. "ಮೂರು ಮಂದಿ ಬಂದಾರ" ಎಂದು ರವಿ ಬೆರಳು ಮಡಿಚಿ ತೋರಿಸಿದ.

ಬಂದವರು ಚನ್ನಪ್ಪನವರು, ಅವರ ಹೆಂಡತಿ, ಮತ್ತು ಹುಡುಗ. ಎಲ್ಲವೂ ಎಷ್ಟು ಚೆನ್ನಾಗಿ ನಡೆಯಿತೆಂದರೆ ನನಗೇ ಹೆದರಿಕೆಯಾಯಿತು. ಶಿರಾ ಹದವಾಗಿತ್ತು. ಉಪ್ಪಿಟ್ಟನ್ನು ಅವರು ಎರಡನೆಯ ಸಲ ಹಾಕಿಸಿಕೊಂಡರು. ಕಮಲಾ ಬಂದು ಚಾಪೆಯ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು. ಹುಡುಗ ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ. ನಡುವೆ ಬಸಿಯ ಚಹಾವನ್ನು ಹೆಬ್ಬೆರಳಿನ ಮೇಲೆಯೇ ಚೆಲ್ಲಿಕೊಂಡ. ಆಗಲೂ ಕಮಲಾ ನಗಲಿಲ್ಲ. ಅವಳ ಕೆನ್ನೆ ಒಂದು ಸಲ ಉಬ್ಬಿ ಇಳಿದದ್ದನ್ನು ನಾನೊಬ್ಬನೇ ಕಂಡೆ. ಎದ್ದು ಒಳಗೆ ಹೋಗಿ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ಹುಡುಗನ ತಾಯಿ ಮಾತ್ರ "ಭಾಳ ಮೌನ ಹುಡುಗಿ ಕಾಣತೈತಿ" ಎಂದರು. ಹೊಗಳಿದರೋ ತೆಗಳಿದರೋ ನನಗೆ ತಿಳಿಯಲಿಲ್ಲ.

ಅವರು ಎದ್ದರು, ಕೂತರು, ಎದ್ದರು. ಹೊಸ್ತಿಲಿಗೆ ಬಂದರು. "ವಿಚಾರ ಮಾಡಿ ತಿಳಸ್ತೇವಿ" ಎಂದು ಚನ್ನಪ್ಪನವರು ಜೋಡು ಮೆಟ್ಟಿಕೊಂಡರು. ಮಕ್ಕಳಿಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಂತಾಗಿತ್ತು. ಚನ್ನಪ್ಪನವರು ಬಹಳ ಪ್ರೀತಿಯಿಂದ "ಬಾರವಾ ತಂಗಿ" ಎಂದು ಶಕ್ಕೂನ ತಲೆ ಸವರಿ, ನಿಲುವಂಗಿಯ ಪಕ್ಕದ ಕಿಸೆಯಲ್ಲಿ ಕೈ ಹಾಕಿದರು.

ಕೈ ಒಳಗೆ ಹೋಯಿತು. ಅವರು ಗಂಗೂನ ಕಡೆ ನೋಡಿದರು. ಗಂಗೂ ಮಾಳಿಗೆಯ ತೊಲೆ ನೋಡಿದಳು. ನನ್ನ ಕಡೆ ನೋಡಿದರು. ನಾನು ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ, ರವಿ ನನ್ನ ಬಾಯನ್ನೇ ನೋಡುತ್ತಿದ್ದ, ಮುಚ್ಚಿದೆ. ಕೈ ಕಿಸೆಯೊಳಗೇ ಇತ್ತು. ಅದು ಅಲ್ಲಿ ಏನನ್ನೋ ಹುಡುಕುವ ಹಾಗೆ ಆ ಕಡೆ ಈ ಕಡೆ ಹೊರಳಾಡಿತು. ಚನ್ನಪ್ಪನವರ ಹಣೆಯ ಮೇಲೆ ಸಣ್ಣಗೆ ಬೆವರು ಮೂಡಿತು. ಆ ಮುಖಭಾವ ನನಗೆ ಬಹಳ ಪರಿಚಯದ್ದು ಎನಿಸಿತು. ಎಲ್ಲಿ ನೋಡಿದ್ದೇನೆಂದು ಮಾತ್ರ ನೆನಪಾಗಲಿಲ್ಲ.

"ಕೊಡ್ಲೇನವಾ?" ಎಂದರು ಕೊನೆಗೆ, ದಾರಿ ತೋರಿಸುವವರ ದನಿಯಲ್ಲಿ.

"ಕೊಡ್ರಿ" ಎಂದಳು ಶಕ್ಕೂ.

"ಬ್ಯಾಡ ಅನ್ನಂಗಿಲ್ಲೇನು?"

"ಇಲ್ರಿ ಅಜ್ಜಾರ. ನಮ್ಮನ್ಯಾಗ ಬ್ಯಾಡ ಅಂದ್ರ ಸುಳ್ಳು ಹೇಳಿದಂಗ."

ರವಿ ಕುಡಿಕೆಯನ್ನು ಅವರ ಮೊಣಕೈಯ ಕೆಳಗೆ ಹಿಡಿದ. ಇನ್ನು ಉಳಿಗಾಲವಿಲ್ಲ ಎಂದು ಗೊತ್ತಾಗಿ ಚನ್ನಪ್ಪನವರು ಕೈ ಹೊರಗೆ ತೆಗೆದರು. ಬಂದದ್ದು ಸುಣ್ಣದ ಡಬ್ಬಿ. ಅದನ್ನು ಕಟ್ಟೆಯ ಮೇಲಿಟ್ಟು ಮತ್ತೆ ಕೈ ಹಾಕಿದರು. ಒಂದು ಅಡಿಕೆ ಬಂತು. ಮತ್ತೆ ಹಾಕಿದರು. ಹಳೆಯ ಬಸ್ ಚೀಟಿ. ಆಮೇಲೆ ಕಿಸೆಯೇ ತಿರುಗಿ ಹೊರಗೆ ಬಂದು ಬೆಕ್ಕಿನ ನಾಲಿಗೆಯ ಹಾಗೆ ಜೋತುಬಿತ್ತು. ಹೊರಗೆ ಟಾಂಗಾದ ಕುದುರೆ ಒಮ್ಮೆ ಕೊರಳು ಅಲ್ಲಾಡಿಸಿತು.

ಮೊದಲು ಮಾತಾಡಿದವರು ಅವರ ಹೆಂಡತಿ. "ಮೂವತ್ತ ವರ್ಷ ಆತು, ಇವರು ಮಂದಿ ಮನ್ಯಾಗ ಕಿಸೇದಾಗ ಕೈ ಹಾಕೂದು ನೋಡಾಕತ್ತೇನಿ. ಹೊರಗ ಏನ್ ಬರತೈತಿ ಅನ್ನೂದು ಇವತ್ತ ನೋಡಿದ್ನಿ ನೋಡ್ರಿ" ಎಂದರು.

ಚನ್ನಪ್ಪನವರ ಮುಖ ಕೆಂಪಾಯಿತು. ಮುಗಿಯಿತು, ನಾಲ್ಕನೆಯದೂ ಮುಗಿಯಿತು, ಈ ಸಲ ಕೆಡಿಸಿದವನು ನಾನು, ನನ್ನ ತತ್ತ್ವ, ನನ್ನ ಕುಂಬಾರ ಓಣಿಯ ಕುಡಿಕೆ ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಗ ಶಕ್ಕೂ, ಹಿರಿಯರಿಗೆ ಬೇಸರವಾಯಿತೆಂದು ಅವರ ಕೈ ಹಿಡಿದು ಸಮಾಧಾನ ಹೇಳಿದಳು:

"ಇರ್ಲಿ ಬಿಡ್ರಿ ಅಜ್ಜಾರ. ನಮ್ಮಪ್ಪನೂ ಹಂಗ. ಡ್ರಾಯಿಂಗ್ ಮಾಸ್ತರ ಮನಿಗೆ ಹೋದಾಗ ಕಿಸೇದಾಗ ಕೈ ಹಾಕ್ತಾನ, ಅವರು ಬ್ಯಾಡ್ರಿ ಅಂದ ಕೂಡ್ಲೆ ಬರೇ ಕೈ ಹೊರಗ ತಗೀತಾನ. ಅವರ ಮಗಳು ಹೇಳ್ಯಾಳ. ನಾ ಮನ್ಯಾಗ ಅಂಗಿ ಕಿಸೆ ನೋಡೀನಿ. ಒಳಗ ಬರೇ ಸೀಮಿಸುಣ್ಣ ಇರತಾವು."

ಅಡಿಗೆಮನೆಯ ಬಾಗಿಲ ಹಿಂದಿನಿಂದ ಒಂದು ಸಣ್ಣ ಸದ್ದು ಬಂತು, ಹಾಲು ಉಕ್ಕುವ ಮೊದಲು ಬರುವಂಥದ್ದು. ಆಮೇಲೆ ಉಕ್ಕಿತು. ಮೂರು ಸಂಬಂಧಗಳ ನಗು, ಅದರ ಮೇಲೆ ಅಂದು ಮಧ್ಯಾಹ್ನದಿಂದ ನಾಲಿಗೆ ಕಚ್ಚಿ ಹಿಡಿದ ನಗು, ಎಲ್ಲ ಕೂಡಿಯೇ ಬಂತು. ಎದುರಿನ ಮನೆಯವರು ಕಿಟಕಿ ತೆರೆದರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಹುಡುಗ ಹೆಬ್ಬೆರಳು ನೋಡುವುದನ್ನು ಬಿಟ್ಟು ಅಡಿಗೆಮನೆಯ ಬಾಗಿಲು ನೋಡುತ್ತಿದ್ದ, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬಾಯಿ ಐತಿ ಹುಡುಗಿಗೆ! ನಾ ಅಂಜಿದ್ದೆ. ಈ ಅಪ್ಪ-ಮಕ್ಕಳ ನಡುವ ನಮ್ಮನ್ಯಾಗ ಗ್ವಾಡಿಗಳs ಮಾತಾಡಬೇಕು. ಒಬ್ಬಾಕಿ ನಗಾಕಿ ಬೇಕಾಗಿತ್ತು" ಎಂದರು.

ಚನ್ನಪ್ಪನವರು ಒಬ್ಬರೇ ನಗಲಿಲ್ಲ. ಜೋತುಬಿದ್ದ ಕಿಸೆಯನ್ನು ನಿಧಾನವಾಗಿ ಒಳಗೆ ಸೇರಿಸಿ, ನನ್ನ ಎದುರಿಗೆ ಬಂದು ನಿಂತು, "ಮಾಸ್ತರ, ನಿಮ್ಮ ಕಿಸೆ ತೋರಸ್ರಿ" ಎಂದರು.

ತೋರಿಸಿದೆ. ಏನು ಮಾಡಲಿ? ಎರಡು ಬಿಳಿ ತುಂಡು, ಒಂದು ಕೆಂಪು. ಅವರು ಅವನ್ನು ಅಂಗೈ ಮೇಲೆ ಇಟ್ಟುಕೊಂಡು, ತಮ್ಮ ಸುಣ್ಣದ ಡಬ್ಬಿಯನ್ನು ಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೀಸೆಯ ಒಂದು ತುದಿ ಮೇಲಕ್ಕೆ ಎದ್ದಿತು. "ಮಂದಿ ಕುಂಡಲಿ ನೋಡಿ ಬೀಗತನ ಮಾಡತಾರ. ನಾವು ಕಿಸೆ ನೋಡಿ ಮಾಡೂಣು ತಗೋರಿ" ಎಂದರು. ಹುಡುಗ ತನ್ನ ಕಿಸೆಯಿಂದ ಒಂದು ಪೂರ್ತಿ ರೂಪಾಯಿ ತೆಗೆದು ಕುಡಿಕೆಗೆ ಹಾಕಿದ. ಗಂಗೂ ತಡೆಯಲಾರದೆ "ಅಯ್ಯ ಬ್ಯಾಡ್ರಿ!" ಎಂದುಬಿಟ್ಟಳು. ಆದರೆ ಅಷ್ಟರೊಳಗೆ ಅದು ಒಳಗೆ ಬಿದ್ದಾಗಿತ್ತು.

ಲಗ್ನ ವೈಶಾಖದಲ್ಲಿ ಆಯಿತು. ಅಕ್ಷತೆ ಬೀಳುವಾಗಲೂ ಕಮಲಾ ನಕ್ಕಳಂತೆ; ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ, ನಾನು ಆಗ ಕಂಬದ ಹಿಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅವಳು ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು. ಶ್ರಾವಣ ಬಂತು. ಪಂಚಮಿಗೆ ತಂಗಿಯನ್ನು ಕರೆತರಲು ನಾನು ಉಪ್ಪಿನ ಬೆಟಗೇರಿಗೆ ಹೊರಟೆ, ಶಕ್ಕೂನೂ ಸಂಗಡ ಬಂದಳು. ಹಿಂದಿನ ದಿನ ಮಕ್ಕಳು ಕುಡಿಕೆ ಒಡೆದಿದ್ದರು. ನಾಲ್ಕಾಣೆಯ ಪಾವಲಿ, ಎಂಟಾಣೆ, ಆ ರೂಪಾಯಿ, ರವಿ ಹಾಕಿದ್ದ ಎರಡು ಅಂಗಿ ಗುಂಡಿ. ಶಕ್ಕೂ ತನ್ನ ಪಾಲಿನಿಂದ ಒಂದು ನಾಲ್ಕಾಣೆ ಆರಿಸಿ ನನ್ನ ಕಿಸೆಯಲ್ಲಿ ತಾನೇ ಹಾಕಿದಳು, ಸೀಮೆಸುಣ್ಣ ತೆಗೆದು ಕಪಾಟಿನ ಮೇಲಿಟ್ಟಳು. "ಅತ್ತಿ ಮನ್ಯಾಗ ಸಣ್ಣ ಹುಡುಗ ಐತಿ. ಬರೂ ಮುಂದ ಅದರ ಕೈಯಾಗ ಇದನ್ನ ಕೊಡಪಾ. ನಮ್ಮ ಅತ್ತಿಗೆ ಅಲ್ಲೆ ಮಾನ ಇರಬೇಕು" ಎಂದಳು. ಹತ್ತು ವರ್ಷ ಇನ್ನೂ ತುಂಬಿಲ್ಲದ ಹುಡುಗಿಯ ಬಾಯಿಂದ ಆ ಮಾತು ಬಂದಾಗ ನಾನು ಕಲಿಸಿದ ಶಿಕ್ಷಣ ಅಷ್ಟೇನೂ ವ್ಯರ್ಥವಾಗಲಿಲ್ಲ ಎನಿಸಿತು.

ಬೀಗರ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಪಂಚಮಿಯ ಉಂಡಿ. ಚನ್ನಪ್ಪನವರು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಉಣಿಸಿದರು. ಹೊರಡುವ ಹೊತ್ತಿಗೆ ಅವರ ಹಿರಿಯ ಮಗನ ಕೂಸು, ನಾಲ್ಕು ವರ್ಷದ್ದು, ಹೊಸ್ತಿಲಲ್ಲಿ ಬಂದು ನಿಂತಿತು. ಕಮಲಾ ನೋಡುತ್ತಿದ್ದಳು, ಅಳಿಯ ನೋಡುತ್ತಿದ್ದ, ಶಕ್ಕೂ ನೋಡುತ್ತಿದ್ದಳು. ನಾನು ಎದೆ ಮುಂದೆ ಮಾಡಿ "ಬಾರಪಾ ಮರಿ" ಎಂದು ಕಿಸೆಯಲ್ಲಿ ಕೈ ಹಾಕಿದೆ. ನಾಲ್ಕಾಣೆ ಬೆರಳಿಗೆ ಹತ್ತಿತು. ತಣ್ಣಗಿತ್ತು. ಜನ್ಮದಲ್ಲಿ ಮೊದಲ ಸಲ ನನ್ನ ಕಿಸೆ ಖರೇ ಇತ್ತು.

ಆಗ ಚನ್ನಪ್ಪನವರು, ಬಾಯಲ್ಲಿ ಜೇನು ಇಟ್ಟುಕೊಂಡವರ ಹಾಗೆ, "ಬ್ಯಾಡ್ರಿ ಮಾಸ್ತರ, ಯಾಕ ಸುಮ್ನ!" ಎಂದರು.

ದೇವರಾಣೆ, ನನ್ನ ತಪ್ಪಲ್ಲ. ಇಪ್ಪತ್ತು ವರ್ಷದ ರೂಢಿ. ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿಯೇ ಹೊರಗೆ ಬಂದುಬಿಟ್ಟಿತು, ಬರಿದಾಗಿ. ಚನ್ನಪ್ಪನವರ ಮೀಸೆಯ ಎರಡೂ ತುದಿ ಮೇಲಕ್ಕೆ ಎದ್ದವು. ಕಮಲಾಳ ನಗು ಬಸ್ ಸ್ಟ್ಯಾಂಡಿನ ತನಕ ನಿಲ್ಲಲಿಲ್ಲ.

ಬಸ್ಸು ಧಾರವಾಡದ ದಾರಿ ಹಿಡಿದ ಮೇಲೆ ಶಕ್ಕೂ ನನ್ನ ಕಡೆ ತಿರುಗಿ ಅಂಗೈ ಚಾಚಿದಳು. "ನನ್ನ ನಾಲ್ಕಾಣೆ ಕೊಡಪಾ. ನೀ ಕೊಡಲಿಲ್ಲ, ಹಂಗಾರ ಅದು ನಂದು." ನಾನು ಕಿಸೆಯಲ್ಲಿ ಕೈ ಹಾಕಿದೆ. ಹಾಕಿ, ಹೋಗಲಿ ಬಿಡಪ್ಪಾ ಬ್ಯಾಡ ಅನ್ನುತ್ತಾಳೇನೋ ಎಂದು ಸ್ವಲ್ಪ ಹೊತ್ತು ಕಾದೆ. ಅವಳು ಅನ್ನಲಿಲ್ಲ. ಕಲಿಸಿದವನು ನಾನೇ.